ಸ್ಟುಡಿಯೋದ ದುಡ್ಡು ಇದ್ದದ್ದು ಕಾಪಿಯಲ್ಲಿ

ಪ್ರಶ್ನೆ: ಉಡುಪಿಯಲ್ಲಿ ನನ್ನ ಮಾವನದ್ದೊಂದು ಹಳೇ ಫೋಟೋ ಸ್ಟುಡಿಯೋ ಉಂಟು. ಇನ್‌ಸ್ಟಾಗ್ರಾಮ್, ವಾಟ್ಸಾಪ್ ಬಂದು ವ್ಯಾಪಾರವೇ ಹೋಯಿತು ಅಂತಾರೆ. ನಿಜವಾಗಿ ಆದದ್ದೇನು? ನಾನು ಅದನ್ನು ಮುಂದುವರಿಸಬಹುದಾ?

ಮಾವ ಹೇಳುವುದು ಸರಿಯೇ. ನಾನು ಹಂಪನಕಟ್ಟೆಯ ಒಂದು ಕಲರ್ ಲ್ಯಾಬ್‌ನಲ್ಲಿ ಕೆಲಸ ಕಲಿತವನು, ಈಗ ಮಂಗಳೂರಿನಲ್ಲೇ ಸ್ವಂತ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಫೋಟೋ ತೆಗೆದದ್ದಕ್ಕೆ ನಮಗೆ ಸಿಗುತ್ತಿದ್ದದ್ದು ಕಮ್ಮಿ. ದುಡ್ಡು ಇದ್ದದ್ದು ಕಾಪಿಯಲ್ಲಿ. ಮದುವೆಯ ಆಲ್ಬಮ್ ಮನೆಗೆ ಹೋದ ಮೇಲೆ ವ್ಯಾಪಾರ ಶುರು. ಅತ್ತೆ, ಚಿಕ್ಕಮ್ಮ, ಪಕ್ಕದ ಮನೆಯವರೆಲ್ಲ ಕೂತು ಆಲ್ಬಮ್ ನೋಡಿ ಚೀಟಿ ಬರೆಯುತ್ತಿದ್ದರು. ‘14ನೇ ನಂಬರ್ ಮೂರು ಕಾಪಿ, 22 ಎರಡು, 31 ದೊಡ್ಡದು ಒಂದು.’ ಒಂದು ಸೆಟ್ ಮುಂಬೈಗೆ, ಇನ್ನೊಂದು ದುಬೈಗೋ ಮಸ್ಕತ್‌ಗೋ. ರಜೆ ಮುಗಿಸಿ ಹೊರಟವರ ಬ್ಯಾಗಿನಲ್ಲಿ ಹಪ್ಪಳ, ಉಪ್ಪಿನಕಾಯಿ ಜೊತೆ ನಮ್ಮ ಫೋಟೋ ಕವರ್ ಇದ್ದೇ ಇರುತ್ತಿತ್ತು. ನಾವು ನೆಗೆಟಿವ್ ಪಟ್ಟಿಯನ್ನು (ತೊಳೆದ ಫಿಲಂ, ಪ್ರಿಂಟ್ ಹಾಕುವುದು ಇದರಿಂದಲೇ) ಟ್ಯೂಬ್‌ಲೈಟಿಗೆ ಹಿಡಿದು, ಅಂಚಿನ ಸಣ್ಣ ನಂಬರ್ ಓದಿ, ರೀಪ್ರಿಂಟಿಗೆ ಹಾಕುತ್ತಿದ್ದೆವು. ಅಂಗಡಿಯ ಬಾಡಿಗೆ, ಹುಡುಗರ ಸಂಬಳ ಎಲ್ಲಾ ಆ ಚೀಟಿಗಳಿಂದಲೇ ಹುಟ್ಟುತ್ತಿತ್ತು.

ಡಿಜಿಟಲ್ ಕ್ಯಾಮೆರಾ ಬಂದಾಗಲೇ ನಾವು ಮುಳುಗಿದೆವು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಫಿಲಂ ತೊಳೆಯುವ ಲ್ಯಾಬ್‌ಗಳಿಗೆ ಕಷ್ಟ ಆದದ್ದು ಹೌದು. ಸ್ಟುಡಿಯೋದವರಿಗೆ ಮಾತ್ರ ಮೊದಮೊದಲು ಒಳ್ಳೆಯದೇ ಆಯಿತು. ರೋಲಿನ ಖರ್ಚು ಉಳಿಯಿತು. ಜನ ಮೆಮೊರಿ ಕಾರ್ಡ್, ಸಿಡಿ ಹಿಡಿದುಕೊಂಡು ಪ್ರಿಂಟಿಗೆ ಬರುತ್ತಲೇ ಇದ್ದರು. ಫೋಟೋವನ್ನು ಇನ್ನೊಬ್ಬರ ಕೈಗೆ ಕೊಡಬೇಕು ಅಂದರೆ ಆಗಲೂ ಕಾಗದವೇ ಬೇಕಿತ್ತು, ಅಲ್ವಾ?

ಫಿಲಂ ಮಾಡುತ್ತಿದ್ದ ಅಮೆರಿಕದ ದೊಡ್ಡ ಕಂಪನಿ ಕೊಡಾಕ್‌ನ ಕಥೆ ನೀವು ಕೇಳಿರಬಹುದು. 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಫೇಸ್‌ಬುಕ್, 13 ಜನ ಕೆಲಸಗಾರರಿದ್ದ ಇನ್‌ಸ್ಟಾಗ್ರಾಮ್ ಅನ್ನು 100 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಹೇಳಿತು. ಎರಡನ್ನೂ ಜೋಡಿಸಿ ‘ಇದು ಅದನ್ನು ಕೊಂದಿತು’ ಅನ್ನುವುದು ಸುಲಭ, ಆದರೆ ಲೆಕ್ಕ ಸರಿಹೋಗುವುದಿಲ್ಲ. ಇನ್‌ಸ್ಟಾಗ್ರಾಮ್ ಶುರುವಾದದ್ದೇ 2010ರ ಅಕ್ಟೋಬರಿನಲ್ಲಿ. ಕೊಡಾಕ್ ಅದಕ್ಕೂ ಎಷ್ಟೋ ಮೊದಲೇ ಇಳಿಯುತ್ತಾ ಬಂದಿತ್ತು. ನನಗೆ ಜಾಸ್ತಿ ಮುಖ್ಯ ಅನಿಸುವುದು ಬೇರೆ ವಿಷಯ. 2001ರಲ್ಲೇ ಕೊಡಾಕ್ ಓಫೋಟೋ ಎಂಬ ಫೋಟೋ ಹಂಚುವ ಸೈಟ್ ಕೊಂಡಿತ್ತು. ಆದರೆ ಅದನ್ನು ಪ್ರಿಂಟ್ ಮಾರುವುದಕ್ಕೇ ಬಳಸಿತು. ಹಂಚಿದ ಮೇಲೆ ಪ್ರಿಂಟ್ ಯಾರಿಗೂ ಬೇಡವಾಗುತ್ತದೆ ಎಂದು ಅಷ್ಟು ದೊಡ್ಡ ಕಂಪನಿಗೇ ಹೊಳೆಯಲಿಲ್ಲ. ಹಾಗಾಗಿ ನಿಮ್ಮ ಮಾವನನ್ನು ದೂರಬೇಡಿ.

ನಮ್ಮ ಊರಲ್ಲಿ ಗಟ್ಟಿ ಹೊಡೆತ ಬಿದ್ದದ್ದು 2016ರ ನಂತರ, ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ. ಧಾರೆ ಎರೆಯುತ್ತಿರುವಾಗಲೇ ಫೋಟೋ ದುಬೈಯಲ್ಲಿರುವ ಅಣ್ಣನ ಫೋನಿಗೆ ಹೋಗಿ ಆಗಿರುತ್ತದೆ. ಮತ್ತೆ ಚೀಟಿ ಯಾಕೆ ಬರೆಯುತ್ತಾರೆ? ಆಲ್ಬಮ್ ಆರ್ಡರ್ ಈಗಲೂ ಬರುತ್ತದೆ, ಅದರ ಹಿಂದೆ ಬರುತ್ತಿದ್ದ ಕಾಪಿಗಳು ಇಲ್ಲ. ಪಾಸ್‌ಪೋರ್ಟ್ ಫೋಟೋದ ಕಥೆಯೂ ಅಷ್ಟೆ. ಗಲ್ಫಿಗೆ ಹೋಗುವವರಿಂದ ನಮಗೆ ದಿನಾ ಕೆಲಸ ಇತ್ತು. ಈಗ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ, ಆಧಾರ್ ಕೇಂದ್ರದಲ್ಲಿ ಅವರೇ ತೆಗೆಯುತ್ತಾರೆ.

ಆಪ್‌ಗಳಿಂದ ಬಂದ ಕೆಲಸವೂ ಉಂಟು. ತಣ್ಣೀರುಬಾವಿ, ಮಲ್ಪೆ ಬೀಚಿನಲ್ಲಿ ಪ್ರಿ-ವೆಡ್ಡಿಂಗ್ ಶೂಟ್ ಮಾಡಿಸುವವರು ಬಹಳಷ್ಟು ಜನ ನನ್ನ ಇನ್‌ಸ್ಟಾಗ್ರಾಮ್ ಪೇಜ್ ನೋಡಿಯೇ ಬರುತ್ತಾರೆ. ಅಂಗಡಿ ಇಲ್ಲದೆ, ಒಂದು ಕ್ಯಾಮೆರಾ ಮತ್ತು ಪೇಜ್ ಇಟ್ಟುಕೊಂಡು ದುಡಿಯುವ ಹುಡುಗ ಹುಡುಗಿಯರು ಈಗ ತುಂಬಾ ಇದ್ದಾರೆ. ಚೆನ್ನಾಗಿ ತೆಗೆಯುತ್ತಾರೆ. ನನಗೆ ಅವರ ಮೇಲೆ ಸಿಟ್ಟಿಲ್ಲ.

ನನ್ನನ್ನು ಕಾಡುವುದು ಬೇರೆ. ಯಾರಾದರೂ ತೀರಿಕೊಂಡಾಗ ಮನೆಯವರು ಫೋನ್ ಹಿಡಿದು ಬರುತ್ತಾರೆ. ‘ಅಮ್ಮನದ್ದು ಇದೊಂದೇ ಫೋಟೋ ಇರುವುದು, ದೊಡ್ಡದು ಮಾಡಿ ಫ್ರೇಮ್ ಹಾಕಿ ಕೊಡಿ.’ ನೋಡಿದರೆ ವಾಟ್ಸಾಪ್‌ನಲ್ಲಿ ಬಂದ ಗ್ರೂಪ್ ಫೋಟೋ. ಸಾಮಾನ್ಯವಾಗಿ ಕಳಿಸಿದರೆ ವಾಟ್ಸಾಪ್ ಫೋಟೋವನ್ನು ಕುಗ್ಗಿಸುತ್ತದೆ, ಉದ್ದದ ಬದಿಗೆ ಸುಮಾರು 1600 ಪಿಕ್ಸೆಲ್ ಉಳಿದರೆ ಹೆಚ್ಚು. ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಬೇಕು. ಅಂದರೆ ಇಡೀ ಗ್ರೂಪ್ ಸೇರಿ ಐದಿಂಚು ಚಿಲ್ಲರೆ. ಅದರಲ್ಲಿ ಅಮ್ಮನ ಮುಖ ಹೆಬ್ಬೆರಳಿನಷ್ಟೂ ಬರುವುದಿಲ್ಲ. ಸಾಫ್ಟ್‌ವೇರ್ ಹಾಕಿ ತಿದ್ದಿದರೆ ಮುಖ ನುಣ್ಣಗಾಗುತ್ತದೆ, ಆದರೆ ಅಮ್ಮನ ಹಾಗೆ ಕಾಣುವುದಿಲ್ಲ. ಮೂಲ ಫೋಟೋ ಯಾರ ಫೋನಿನಲ್ಲಿತ್ತು ಅಂತ ಕೇಳಿದರೆ ಆ ಫೋನೇ ಹೋಗಿರುತ್ತದೆ. ಇಷ್ಟೊಂದು ಫೋಟೋ ತೆಗೆಯುವ ಕಾಲದಲ್ಲಿ ಹೀಗಾಗುವುದು ನನಗೆ ನಿಜವಾಗಿಯೂ ಸಂಕಟ. ದಯವಿಟ್ಟು ಮನೆಯ ಹಿರಿಯರ ನಾಲ್ಕು ಒಳ್ಳೆಯ ಫೋಟೋ ಈಗಲೇ ಪ್ರಿಂಟ್ ಹಾಕಿಸಿ ಇಡಿ. ವಾಟ್ಸಾಪ್‌ನಲ್ಲಿ ಕಳಿಸುವುದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಆಗ ಫೋಟೋ ಕುಗ್ಗುವುದಿಲ್ಲ.

ಇನ್ನು ನಿಮ್ಮ ಸ್ಟುಡಿಯೋ. ಸುಮ್ನೆ ಜನ ಬರುತ್ತಾರೆ ಅಂತ ಬಾಗಿಲು ತೆರೆದು ಕೂತರೆ ನಡೆಯುವುದಿಲ್ಲ. ಮದುವೆ, ನಾಮಕರಣ, ಯಕ್ಷಗಾನ, ಹೋಟೆಲಿನವರ ತಿಂಡಿಯ ಫೋಟೋ, ಹೀಗೆ ಹೊರಗಿನ ಕೆಲಸ ಹಿಡಿದರೆ ಬದುಕಬಹುದು. ರೇಟ್ ಹೇಳುವಾಗ ನಿಮ್ಮ ದಿನಕ್ಕೆ ಬೆಲೆ ಹಾಕಿ. ಕಾಪಿಯಲ್ಲಿ ಸರಿಮಾಡಿಕೊಳ್ಳುವ ಕಾಲ ಮುಗಿಯಿತು.

ಅದಕ್ಕಿಂತ ಮೊದಲು ಒಂದು ಕೆಲಸ ಮಾಡಿ. ಮಾವನ ಕಪಾಟಿನಲ್ಲಿ ನೆಗೆಟಿವ್ ಇದ್ದೇ ಇರುತ್ತವೆ. ನಮ್ಮ ಮಳೆಗಾಲದ ತೇವಕ್ಕೆ ಅವಕ್ಕೆ ಫಂಗಸ್ ಹಿಡಿಯುತ್ತದೆ, ಪಟ್ಟಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಗೆ ತುಂಬಿಸಿ. ದುಬಾರಿ ಸ್ಕ್ಯಾನರ್ ಬೇಡ, ಬಿಳಿ ಎಲ್‌ಇಡಿ ಪ್ಯಾನೆಲ್ ಮೇಲಿಟ್ಟು, ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸಿನಲ್ಲಿ ಒಂದೊಂದೇ ತೆಗೆದರೆ ಸಾಕು. ಯಾವ ಕವರ್ ಯಾರ ಮನೆಯ ಮದುವೆಯದ್ದು ಅನ್ನುವುದು ಮಾವನಿಗೆ ಮಾತ್ರ ಗೊತ್ತಿರುತ್ತದೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಸರು, ಊರು ಬರೆದಿಡಿ. ಆ ಮನೆಯವರಿಗೆ ಫೋನ್ ಮಾಡಿ ಹೇಳಿದರೆ ದುಡ್ಡು ಕೊಟ್ಟು ತೆಗೆದುಕೊಂಡು ಹೋಗುವವರು ಇದ್ದಾರೆ. ನನ್ನಲ್ಲಿ ಈಗ ಆ ಕೆಲಸ ನಡೆಯುತ್ತಾ ಉಂಟು.