ಗಸಗಸೆಗಿಂತ ಸಣ್ಣ ಮಿದುಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಣ್ಣುನೊಣದ ಮಿದುಳಿನ ಸಂಶೋಧನೆ ಕುರಿತು ಬಂದ ಪ್ರಶ್ನೆಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಮಿದುಳಿನ ನಕ್ಷೆ ಮಾಡಿದ್ದಾರೆ ಅನ್ನುವ ಹಣ್ಣುನೊಣವೂ ನಮ್ಮ ಮಾವಿಗೆ ಬೀಳುವ ಊಜಿಯೂ ಒಂದೇನಾ? (ಮಾವು ಬೆಳೆಗಾರ, ಶ್ರೀನಿವಾಸಪುರ)

ಅಲ್ಲ. ಮಾವಿನ ಕಾಯಿಗೆ ಚುಚ್ಚಿ ಒಳಗೆ ಮೊಟ್ಟೆ ಇಡುವುದು ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್. ಅದು ಹೆಚ್ಚುಕಡಿಮೆ ಮನೆನೊಣದ ಗಾತ್ರದ್ದು. ನೀವು ಮೀಥೈಲ್ ಯೂಜಿನಾಲ್ ಬಲೆ ಕಟ್ಟಿ ಹಿಡಿಯುವುದು ಅದರ ಗಂಡನ್ನು. ಪ್ರಯೋಗಾಲಯದಲ್ಲಿರುವುದು ಡ್ರೊಸೊಫಿಲಾ ಮೆಲನೊಗ್ಯಾಸ್ಟರ್. ಉದ್ದ ಸುಮಾರು ಮೂರು ಮಿಲಿಮೀಟರ್, ಕಣ್ಣು ಕೆಂಪು. ಬಾಳೆಹಣ್ಣು ಕಳಿತು ಹುಳಿ ವಾಸನೆ ಬಂದಾಗ ಬುಟ್ಟಿಯ ಸುತ್ತ ಮುತ್ತುತ್ತದಲ್ಲ, ಆ ಜಾತಿ. ಹುದುಗಿದ ಹಣ್ಣಿನ ಯೀಸ್ಟ್ ಅದರ ಆಹಾರ. ನಿಮ್ಮ ಗಟ್ಟಿ ಕಾಯಿಯ ತಂಟೆಗೆ ಅದು ಬರುವುದಿಲ್ಲ, ನಿಮ್ಮ ಬಲೆಗೂ ಬೀಳುವುದಿಲ್ಲ.

ಪ್ರಶ್ನೆ: 2024ರಲ್ಲಿ ಬಂದ ನೊಣದ ಮಿದುಳಿನ ಪೂರ್ಣ ನಕ್ಷೆಯನ್ನು ಹೇಗೆ ತಯಾರಿಸಿದರು? ಅದನ್ನು ನೋಡಿ ನೊಣ ಮುಂದೇನು ಮಾಡುತ್ತದೆ ಎಂದು ಹೇಳಬಹುದೆ? (ಪ್ರೌಢಶಾಲಾ ಶಿಕ್ಷಕ, ಶಿರಸಿ)

ಮೊದಲು ಅಮೆರಿಕದ ಜನೇಲಿಯಾ ಸಂಶೋಧನಾ ಕೇಂದ್ರದಲ್ಲಿ ಒಂದು ಹೆಣ್ಣು ನೊಣದ ಮಿದುಳನ್ನು ರಾಳದಲ್ಲಿ ಗಟ್ಟಿ ಮಾಡಿ, ವಜ್ರದ ಅಲಗಿನಿಂದ ಏಳು ಸಾವಿರಕ್ಕೂ ಹೆಚ್ಚು ಪದರಗಳಾಗಿ ಸೀಳಿದರು. ಒಂದೊಂದು ಪದರ ಸುಮಾರು 40 ನ್ಯಾನೊಮೀಟರ್ ದಪ್ಪ. ಎಲ್ಲವನ್ನೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದಾಗ ಸುಮಾರು 2.1 ಕೋಟಿ ಚಿತ್ರಗಳಾದವು. ಆ ಚಿತ್ರಭಂಡಾರ 2018ರಲ್ಲಿ ಹೊರಬಂತು. ಅದನ್ನು ಜೋಡಿಸುವ ಕೆಲಸಕ್ಕೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮಾಲಾ ಮೂರ್ತಿ ಮತ್ತು ಸೆಬಾಸ್ಟಿಯನ್ ಸಂಗ್ ಅವರ ತಂಡಗಳು ಕೈಹಾಕಿದವು.

ಕಷ್ಟ ಇರುವುದು ಈ ಜೋಡಣೆಯಲ್ಲೇ. ಒಂದು ನರತಂತು ಒಂದು ಪದರದಲ್ಲಿ ಚುಕ್ಕೆಯಾಗಿ ಕಾಣುತ್ತದೆ. ಮುಂದಿನ ಪದರದಲ್ಲಿ ಅದೇ ಚುಕ್ಕೆ ಯಾವುದೆಂದು ಗುರುತಿಸುತ್ತಾ ಏಳು ಸಾವಿರ ಪದರ ದಾಟಬೇಕು. ಕಂಪ್ಯೂಟರು ಇಲ್ಲಿ ಎರಡು ಬಗೆಯ ತಪ್ಪು ಮಾಡುತ್ತದೆ. ಪದರ ಮಡಚಿದ ಕಡೆ, ಕಲೆ ಬಿದ್ದ ಕಡೆ ಒಂದೇ ಕೋಶವನ್ನು ಎರಡು ತುಂಡು ಮಾಡಿಬಿಡುತ್ತದೆ. ಪೊರೆ ಮಸುಕಾದ ಕಡೆ ಎರಡು ಕೋಶಗಳನ್ನು ಬೆಸೆದುಬಿಡುತ್ತದೆ. ಎರಡನೆಯದು ಹೆಚ್ಚು ಅಪಾಯ, ಏಕೆಂದರೆ ಇಲ್ಲದ ಸಂಪರ್ಕ ಇದ್ದಂತೆ ತೋರುತ್ತದೆ. ಇಂಥ ತಪ್ಪುಗಳನ್ನು ವಿಜ್ಞಾನಿಗಳು, ಸಂಬಳದ ತಿದ್ದುಗರು, ಆಸಕ್ತ ಸಾರ್ವಜನಿಕರು ಕೂತು ಸರಿಪಡಿಸಿದರು. ಒಬ್ಬರೇ ಮಾಡಿದ್ದರೆ ಸುಮಾರು 33 ವರ್ಷ ಹಿಡಿಯುತ್ತಿತ್ತು. ಕೊನೆಗೆ ಸಿಕ್ಕಿದ್ದು 1,39,255 ನರಕೋಶ, ಐದು ಕೋಟಿಗೂ ಮಿಕ್ಕಿದ ಸಿನಾಪ್ಸ್ (ಕೋಶದಿಂದ ಕೋಶಕ್ಕೆ ಸಂದೇಶ ದಾಟುವ ಜಾಗ), ಎಂಟು ಸಾವಿರಕ್ಕೂ ಹೆಚ್ಚು ಕೋಶವಿಧ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಬರೀ ನಕ್ಷೆ ನೋಡಿ ಅಷ್ಟು ಹೇಳಲಾಗದು. ಯಾವ ಕೋಶ ಯಾವುದಕ್ಕೆ ತಗುಲಿಕೊಂಡಿದೆ ಎಂಬುದು ಅದರಲ್ಲಿದೆ. ಆ ಕ್ಷಣ ಯಾವುದು ಉರಿಯುತ್ತಿದೆ ಎಂಬುದಿಲ್ಲ. ಮಿದುಳಿನಲ್ಲಿ ಹರಡುವ ಪೆಪ್ಟೈಡ್ ಸಂದೇಶಗಳಿಲ್ಲ, ಕೋಶದಿಂದ ಕೋಶಕ್ಕೆ ನೇರವಾಗಿ ವಿದ್ಯುತ್ ಹರಿಯುವ ಸಂಧಿಗಳೂ ಇಲ್ಲ. ಅದು ಒಂದು ನೊಣದ ಮಿದುಳು ಮಾತ್ರ. ಊರಿನ ಎಲ್ಲ ವಿದ್ಯುತ್ ತಂತಿಗಳ ನಕ್ಷೆ ಕೈಯಲ್ಲಿದ್ದರೂ ಈಗ ಯಾರ ಮನೆಯಲ್ಲಿ ದೀಪ ಉರಿಯುತ್ತಿದೆ ಎಂದು ತಿಳಿಯದಲ್ಲ, ಹಾಗೆ. ಕೋಶದ ಕೆಲಸ ತಿಳಿಯಬೇಕಾದರೆ ಅದನ್ನು ಆರಿಸಿ, ಹೊತ್ತಿಸಿ ನೋಡಲೇಬೇಕು.

ಪ್ರಶ್ನೆ: ಒಂದು ನರಕೋಶವನ್ನು 'ಆರಿಸುವುದು' ಅಂದರೇನು? ಸತ್ತೇ ಹೋಗುವುದಿಲ್ಲವೆ? (ಬಿ.ಎಸ್ಸಿ. ವಿದ್ಯಾರ್ಥಿನಿ, ಹಾಸನ)

ಕೊಲ್ಲಬೇಕಿಲ್ಲ, ತುಸು ಹೊತ್ತು ಬಾಯಿ ಕಟ್ಟಿದರೆ ಸಾಕು. ಅದಕ್ಕೆ ಬಳಸುವ ಗ್ಯಾಲ್4–ಯುಎಎಸ್ ವಿಧಾನವನ್ನು ಆಂಡ್ರಿಯಾ ಬ್ರ್ಯಾಂಡ್ ಮತ್ತು ನಾರ್ಬರ್ಟ್ ಪೆರಿಮನ್ 1993ರಲ್ಲಿ ಪ್ರಕಟಿಸಿದರು. ಗ್ಯಾಲ್4 ಯೀಸ್ಟಿನಿಂದ ತಂದ ಒಂದು ಪ್ರೊಟೀನು. ಬೇಕಾದ ನರಕೋಶಗಳಲ್ಲಿ ಮಾತ್ರ ಅದು ತಯಾರಾಗುವ ಒಂದು ನೊಣ, ಗ್ಯಾಲ್4 ಹಿಡಿದುಕೊಳ್ಳುವ ಯುಎಎಸ್ ಎಂಬ ಡಿಎನ್‌ಎ ತುಣುಕಿನ ಮುಂದೆ ನಮಗೆ ಬೇಕಾದ ಜೀನ್ ಇರುವ ಇನ್ನೊಂದು ನೊಣ. ಎರಡನ್ನೂ ಕೂಡಿಸಿದರೆ ಮರಿಗಳಲ್ಲಿ ಆ ಜೀನ್ ಆಯ್ದ ಕೋಶಗಳಲ್ಲಷ್ಟೇ ಕೆಲಸ ಮಾಡುತ್ತದೆ.

ಬಾಯಿ ಕಟ್ಟಲು ಹೆಚ್ಚು ಬಳಕೆಯಲ್ಲಿರುವ ಜೀನ್ 'ಶಿಬಿರೆ'. ಜಪಾನಿ ಭಾಷೆಯಲ್ಲಿ ಮರಗಟ್ಟುವುದು ಎಂದರ್ಥ. ಇದರ ಉಷ್ಣಸೂಕ್ಷ್ಮ ರೂಪ 22 ಡಿಗ್ರಿಯಲ್ಲಿ ತೊಂದರೆ ಕೊಡುವುದಿಲ್ಲ. ಸುಮಾರು 30 ಡಿಗ್ರಿ ದಾಟಿದರೆ ಸಂದೇಶದ ಚೀಲಗಳು ಮತ್ತೆ ತುಂಬಿಕೊಳ್ಳುವುದು ನಿಂತು, ನಿಮಿಷಗಳಲ್ಲೇ ಕೋಶ ಮೂಕವಾಗುತ್ತದೆ. ತಂಪು ಮಾಡಿದರೆ ಮತ್ತೆ ಸರಿಹೋಗುತ್ತದೆ.

ನೆನಪಿನ ಪರೀಕ್ಷೆ ಹೀಗೆ ನಡೆಯುತ್ತದೆ. ಸುಮಾರು ನೂರು ನೊಣಗಳನ್ನು ತಾಮ್ರದ ಗೆರೆಗಳಿರುವ ಕೊಳವೆಗೆ ಬಿಟ್ಟು, ಒಂದು ನಿಮಿಷ ಒಂದು ವಾಸನೆ (ಆಕ್ಟನಾಲ್) ಹಾಯಿಸುತ್ತಾ 12 ಸಲ ವಿದ್ಯುತ್ ಆಘಾತ ಕೊಡುತ್ತಾರೆ. ಆಮೇಲೆ ಒಂದು ನಿಮಿಷ ಇನ್ನೊಂದು ವಾಸನೆ (ಮೀಥೈಲ್‌ಸೈಕ್ಲೊಹೆಕ್ಸನಾಲ್), ಆಘಾತವಿಲ್ಲದೆ. ನಂತರ ಟಿ ಆಕಾರದ ದಾರಿಯಲ್ಲಿ ಎರಡೂ ವಾಸನೆಗಳ ನಡುವೆ ಎರಡು ನಿಮಿಷ ಬಿಡುತ್ತಾರೆ. ಆಘಾತದ ವಾಸನೆಯಿಂದ 90 ನೊಣ ದೂರ ಹೋಗಿ 10 ಅದರತ್ತ ಹೋದರೆ ಅಂಕ (90–10)/100, ಅಂದರೆ 0.8. ಇಷ್ಟಕ್ಕೇ ನಿಲ್ಲಿಸುವಂತಿಲ್ಲ. ನೊಣಗಳಿಗೆ ಹುಟ್ಟಾ ಒಂದು ವಾಸನೆ ಕಡಿಮೆ ಇಷ್ಟವಿರಬಹುದು. ಹಾಗಾಗಿ ಹೊಸ ನೂರು ನೊಣಗಳ ಮೇಲೆ ವಾಸನೆ ಅದಲುಬದಲು ಮಾಡಿ, ಎರಡರ ಸರಾಸರಿಯನ್ನೇ ಒಂದು ಅಂಕ ಎಂದು ಬರೆಯಬೇಕು. ಕೆಲಸವೆಲ್ಲ ಮಂದ ಕೆಂಪು ಬೆಳಕಿನಲ್ಲಿ. ಆ ಬೆಳಕು ನೊಣಕ್ಕೆ ಕಾಣುವುದಿಲ್ಲವೆನ್ನಬಹುದು.

ಹೆಚ್ಚಿನವರು ಎಡವುವುದು ಹೋಲಿಕೆಯ ಗುಂಪುಗಳಲ್ಲಿ. ಬಿಸಿಯಿಂದಲೇ ಅಂಕ ಇಳಿಯಬಹುದು. ಅದಕ್ಕೇ ಗ್ಯಾಲ್4 ಮಾತ್ರ ಇರುವ ನೊಣ, ಯುಎಎಸ್ ಮಾತ್ರ ಇರುವ ನೊಣ, ಎರಡೂ ಇರುವ ಆದರೆ ತಂಪಿನಲ್ಲೇ ಇಟ್ಟ ನೊಣ, ಮೂರನ್ನೂ ಜೊತೆಗೆ ಪರೀಕ್ಷಿಸಬೇಕು. ಗ್ಯಾಲ್4 ನಮಗೆ ಬೇಡದ ಕೋಶಗಳಲ್ಲೂ ಇದೆಯೇ ಎಂದು ಹಸಿರಾಗಿ ಹೊಳೆಯುವ ಪ್ರೊಟೀನು ಹಾಕಿ ಮೊದಲೇ ನೋಡಿಕೊಳ್ಳಬೇಕು. ಹೀಗೆ ಬಗೆದು ನೋಡಿದ್ದರಿಂದಲೇ ವಾಸನೆಯ ನೆನಪು ಇರುವ ಜಾಗ ಗೊತ್ತಾಗಿದೆ. ಮಶ್ರೂಮ್ ಬಾಡಿ ಎಂಬ ಅಣಬೆಯಾಕಾರದ ಭಾಗದಲ್ಲಿ ಒಂದೊಂದು ಬದಿಗೆ ಸುಮಾರು 2,000 ಕೆನ್ಯನ್ ಕೋಶಗಳಿವೆ. ಒಂದು ವಾಸನೆಗೆ ಅವುಗಳಲ್ಲಿ ಕೆಲವೇ ಕೋಶ ಎಚ್ಚರಗೊಳ್ಳುತ್ತವೆ; ಆಗಲೇ ಡೋಪಮೀನ್ ಕೋಶಗಳು ಆಘಾತದ ಸುದ್ದಿ ತಂದರೆ ಆ ಕೆಲವು ಕೋಶಗಳ ಮುಂದಿನ ಸಿನಾಪ್ಸ್ ಬಲ ಕಳೆದುಕೊಳ್ಳುತ್ತದೆ. ಕಲಿಯುವುದೆಂದರೆ ಬಲ ಹೆಚ್ಚುವುದೇ ಎಂದುಕೊಂಡವರಿಗೆ ಇದು ಬೆರಗಿನ ಸಂಗತಿ.

ಈ ದಾರಿಯಲ್ಲಿ ನಮ್ಮವರ ಹೆಜ್ಜೆಯೂ ಇದೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ಕಟ್ಟಿದ ಒಬೈದ್ ಸಿದ್ದಿಕಿ ಅವರು ಸೀಮೋರ್ ಬೆನ್ಜರ್ ಜೊತೆ 1976ರಲ್ಲಿ, ಬಿಸಿಗೆ ಮರಗಟ್ಟುವ ನೊಣಗಳ ನರದೋಷಗಳ ಬಗ್ಗೆ ಪ್ರಕಟಿಸಿದರು. ಸಿದ್ದಿಕಿ ತಮ್ಮ ಶಿಷ್ಯೆ ವೆರೊನಿಕಾ ರಾಡ್ರಿಗಸ್ ಅವರೊಡನೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲಿ ವಾಸನೆ, ರುಚಿ ಹಿಡಿಯಲಾರದ ನೊಣಗಳನ್ನು ಬೇರ್ಪಡಿಸಿದರು.

ಪ್ರಶ್ನೆ: ನೊಣದ ಮಿದುಳು ಬಿಡಿಸುವಾಗ ಹರಿಯುತ್ತದೆ, ಹರಿಯದಿದ್ದರೆ ಒಳಭಾಗಕ್ಕೆ ಬಣ್ಣ ಹತ್ತುವುದಿಲ್ಲ. ತಪ್ಪೆಲ್ಲಿ? (ಎಂ.ಎಸ್ಸಿ. ವಿದ್ಯಾರ್ಥಿ, ಧಾರವಾಡ)

ಐಸಿನ ಮೇಲೆ ಮಲಗಿಸಿದ ನೊಣವನ್ನು ಕೆಲವು ಸೆಕೆಂಡು ಎಥನಾಲ್‌ನಲ್ಲಿ ಅದ್ದಿ ಮೈಯ ಮೇಣ ತೆಗೆಯಿರಿ, ಇಲ್ಲದಿದ್ದರೆ ಅದು ದ್ರವದ ಮೇಲೆ ತೇಲುತ್ತದೆ. ತಣ್ಣನೆಯ, ಉಪ್ಪು ಬೆರೆಸಿದ ಬಫರ್ ದ್ರಾವಣ ಪಿಬಿಎಸ್‌ನಲ್ಲಿ, ಐದನೇ ನಂಬರಿನ ಎರಡು ಚಿಮಟಗಳಿಂದ ಮೊದಲು ಸೊಂಡಿಲು ಕಿತ್ತು, ಆ ತೂತಿನ ಎರಡೂ ಅಂಚು ಹಿಡಿದು ಹೊರಕ್ಕೆ ಎಳೆಯಿರಿ. ಎಳೆಯುವುದು ಸಿಪ್ಪೆಯನ್ನು, ಮಿದುಳನ್ನು ಚಿಮಟ ಮುಟ್ಟಬಾರದು. ಬೆಳ್ಳಿಯಂತೆ ಹೊಳೆಯುವ ಶ್ವಾಸನಾಳಗಳನ್ನು ಪೂರ್ತಿ ತೆಗೆಯಿರಿ. ಅವುಗಳಲ್ಲಿನ ಗಾಳಿಯಿಂದ ಮಿದುಳು ತೇಲಿ, ತೊಳೆಯುವಾಗ ಪಿಪೆಟ್ಟಿನಲ್ಲಿ ಹೋಗಿಬಿಡುತ್ತದೆ. ಚಿಮಟಕ್ಕೆ ಅಂಟುತ್ತಿದ್ದರೆ ಪಿಬಿಎಸ್‌ಗೆ ತುಸು ಟ್ರೈಟಾನ್ (ಸಾಬೂನಿನಂಥ ದ್ರವ) ಹಾಕಿ.

ಮಿದುಳು ಕೆಡದಂತೆ ಹಿಡಿದಿಡಲು ಶೇ. 4ರ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ 20 ನಿಮಿಷ ಸಾಕು. ತುಂಬ ಹೊತ್ತು ಬಿಟ್ಟರೆ ಬಣ್ಣ ಹೊತ್ತೊಯ್ಯುವ ಪ್ರತಿಕಾಯಕ್ಕೆ ಒಳದಾರಿ ಮುಚ್ಚುತ್ತದೆ. ಅಂಚು ಹೊಳೆದು ನಡುಭಾಗ ಕಪ್ಪಾಗಿದ್ದರೆ ಪ್ರತಿಕಾಯ ಒಳಗಿಳಿದಿಲ್ಲ ಎಂದೇ ಅರ್ಥ, ಟ್ರೈಟಾನ್ ಶೇ. 0.3ರಿಂದ 0.5ಕ್ಕೆ ಏರಿಸಿ, 4 ಡಿಗ್ರಿಯಲ್ಲಿ ಎರಡು ರಾತ್ರಿ ಬಿಡಿ. ಗಾಜಿನ ಮೇಲೆ ಕೂರಿಸುವಾಗ ಮಿದುಳಿನ ಎರಡೂ ಬದಿ ಕವರ್‌ಸ್ಲಿಪ್ ಅಂಟಿಸಿ ಸೇತುವೆ ಕಟ್ಟಿ ಮೇಲೊಂದು ಮುಚ್ಚಿ. ನೇರ ಮುಚ್ಚಿದರೆ ಮಿದುಳು ಅಪ್ಪಚ್ಚಿ.

ಪ್ರಶ್ನೆ: ಶಾಲೆಯಲ್ಲಿ ಈ ನೊಣ ಸಾಕಲು ಸುಲಭದ ಆಹಾರ ಯಾವುದು? (ವಿಜ್ಞಾನ ಶಿಕ್ಷಕಿ, ಮಂಡ್ಯ)

ಮೈಸೂರಿನ ಮಾನಸಗಂಗೋತ್ರಿಯ ಪ್ರಯೋಗಾಲಯಗಳಲ್ಲಿ ನಡೆದು ಬಂದ ಅಳತೆ: ನೀರು ಒಂದು ಲೀಟರ್, ಬೆಲ್ಲ 100 ಗ್ರಾಂ, ಗೋಧಿ ರವೆ 100 ಗ್ರಾಂ, ಅಗರ್ 10 ಗ್ರಾಂ, ಪ್ರೊಪಿಯಾನಿಕ್ ಆಮ್ಲ 7.5 ಮಿ.ಲೀ. ಬೆಲ್ಲ, ಅಗರ್ ಕರಗಿದ ಮೇಲೆ ರವೆ ಉದುರಿಸಿ ಗಂಟಾಗದಂತೆ ಕೈಯಾಡಿಸಿ. ಆಮ್ಲವನ್ನು ಒಲೆಯಿಂದ ಇಳಿಸಿ ಸ್ವಲ್ಪ ಆರಿದ ನಂತರ ಹಾಕಿ. ಕುದಿಯುವಾಗ ಹಾಕಿದರೆ ಹಾರಿಹೋಗಿ ಮೂರನೇ ದಿನ ಬೂಸ್ಟು ಬರುತ್ತದೆ. ಮಕ್ಕಳ ಕೈಗೆ ಆಮ್ಲ ಕೊಡಬೇಡಿ. ಸೀಸೆಗೆ ಸುರಿದು ಬಟ್ಟೆ ಮುಚ್ಚಿ ರಾತ್ರಿಯಿಡೀ ಬಿಡಿ, ಒಳಗೋಡೆಯ ನೀರು ಒರೆಸಿ, ಇಲ್ಲದಿದ್ದರೆ ನೊಣಗಳು ಅಂಟಿ ಸಾಯುತ್ತವೆ. ಮೇಲೆ ಚಿಟಿಕೆ ಯೀಸ್ಟ್.

25 ಡಿಗ್ರಿಯಲ್ಲಿ ಮೊಟ್ಟೆಯಿಂದ ನೊಣವಾಗಲು ಸುಮಾರು ಹತ್ತು ದಿನ. ಬೇಸಿಗೆಯಲ್ಲಿ ಕೋಣೆ 30 ದಾಟಿದರೆ ಗಂಡು ನೊಣಗಳು ಬಂಜೆಯಾಗುತ್ತವೆ. ಸೀಸೆಗಳನ್ನು ನೀರಿನ ತಟ್ಟೆಯಲ್ಲಿಟ್ಟು ಒದ್ದೆ ಬಟ್ಟೆ ಸುತ್ತಿ. ಎರಡು ವಾರಕ್ಕೊಮ್ಮೆ ಹೊಸ ಸೀಸೆಗೆ ಬದಲಿಸಿ, ಹಳೆಯದನ್ನು ಮೂರನೇ ವಾರ ಮುಗಿಯುವ ಮೊದಲೇ ಫ್ರೀಜರಿಗೆ ಹಾಕಿ ಎಸೆಯಿರಿ. ಬಿಟ್ಟರೆ ಎರಡು ಪೀಳಿಗೆ ಬೆರೆತುಹೋಗುತ್ತದೆ, ಮೈಟ್ ಹುಳವೂ ಸೇರಿಕೊಳ್ಳುತ್ತದೆ.