ಫಾಂಗ್ ಮುಖವಾಡದ ಬಿಳುಪು

ಪ್ರಶ್ನೆ: ಮಧ್ಯ ಆಫ್ರಿಕಾದ ಫಾಂಗ್ ಮುಖವಾಡಗಳು ಬೆಳ್ಳಗಿರುವುದೇಕೆ?

ಉತ್ತರ: ಗಬಾನ್, ಈಕ್ವಟೋರಿಯಲ್ ಗಿನಿ ಹಾಗೂ ದಕ್ಷಿಣ ಕ್ಯಾಮರೂನ್‌ಗಳಲ್ಲಿ ನೆಲೆಸಿರುವ ಫಾಂಗ್ ಜನರಿಗೆ ಬಿಳಿಯೆಂದರೆ ತೀರಿಹೋದವರ ಆತ್ಮಗಳ ಬಣ್ಣ, ಆದ್ದರಿಂದಲೇ ಮರದಲ್ಲಿ ಕೆತ್ತಿದ ‘ಎನ್‌ಗಿಲ್’ ಎಂಬ ಸಂಘದ ಮುಖವಾಡಕ್ಕೆ ಬಿಳಿ ಜೇಡಿಮಣ್ಣನ್ನು ಬಳಿಯುತ್ತಿದ್ದರು. ಉಬ್ಬಿದ ಹಣೆ, ಹುಬ್ಬುಗಳ ಕಮಾನಿನಿಂದ ಹಾಗೆಯೇ ಇಳಿದು ಬರುವ ನೀಳ ಮೂಗು, ಸೀಳಿನಂತಹ ಸಣ್ಣ ಕಣ್ಣುಗಳು, ಕೆಳಗೆ ಇದೆಯೋ ಇಲ್ಲವೋ ಎನ್ನುವಷ್ಟು ಪುಟ್ಟ ಬಾಯಿ: ಇಂತಹ ಮುಖ ರಾತ್ರಿ ಪಂಜಿನ ಬೆಳಕಿನಲ್ಲಿ ಊರೊಳಗೆ ಬಂದಿತೆಂದರೆ, ಮಾಟಗಾರರನ್ನು ಪತ್ತೆಹಚ್ಚಿ ಶಿಕ್ಷಿಸುವ ಅಧಿಕಾರವೇ ನಡೆದು ಬಂದಂತೆ. ಎನ್‌ಗಿಲ್ ಸಂಘವನ್ನು ವಸಾಹತು ಆಡಳಿತವು 20ನೆಯ ಶತಮಾನದ ಆರಂಭದ ದಶಕಗಳಲ್ಲಿ ನಿಷೇಧಿಸಿತು. ಅದೇ ಕಾಲದಲ್ಲಿ, 1906ರ ಸುಮಾರಿಗೆ, ಚಿತ್ರಕಾರ ವ್ಲಾಮಿಂಕ್‌ರಿಂದ ಇನ್ನೊಬ್ಬ ಚಿತ್ರಕಾರ ಡೆರೇನ್ ಕೊಂಡುಕೊಂಡ ಒಂದು ಫಾಂಗ್ ಮುಖವಾಡ ಪ್ಯಾರಿಸ್ಸಿನ ಕಲಾವಿದರನ್ನು ಬೆರಗುಗೊಳಿಸಿತು. ಗಾಜಿನ ಪೆಟ್ಟಿಗೆಯಲ್ಲಿ ಅಲುಗಾಡದೆ ನಿಂತ ಮುಖವಾಡವನ್ನು ನೋಡುವಾಗ ಆ ಪಂಜನ್ನೂ ಕುಣಿತವನ್ನೂ ಮನಸ್ಸಿಗೆ ತಂದುಕೊಳ್ಳಬೇಕೆಂದು ನಾನು ಕೇಳಿಕೊಳ್ಳುತ್ತೇನೆ.