ಹಾಲು ಸಾಲಲ್ಲ ಅನ್ನುವ ಮೊದಲು ಲಂಗೋಟಿ ಎಣಿಸಿ

ಪ್ರಶ್ನೆ: ಬಾಣಂತನಕ್ಕೆ ತವರಿನಲ್ಲಿದ್ದೇನೆ. ಮಗಳಿಗೆ ಎರಡು ತಿಂಗಳು. ಹುಟ್ಟಿದಾಗ 2.8 ಕೆಜಿ ಇದ್ದಳು, ಮೊನ್ನೆ ಅಂಗನವಾಡಿಯಲ್ಲಿ ತೂಗಿದರೆ 4.3. ಆದರೆ ಸಂಜೆ ಆರಾಯಿತು ಅಂದ್ರೆ ಒಂದೇ ಸಮ ಅಳುತ್ತಾಳೆ. ನಿನ್ನ ಹಾಲು ನೀರು ನೀರಾಗಿದೆ, ಹೊಟ್ಟೆ ತುಂಬುತ್ತಿಲ್ಲ, ಆಕಳ ಹಾಲಿಗೆ ನೀರು ಬೆರೆಸಿ ಕೊಡು ಅಂತ ಅಜ್ಜಿ. ಈ ಸೆಕೆಗೆ ಎರಡು ಚಮಚ ನೀರಾದರೂ ಬೇಡವಾ ಅಂತ ಆಯಿ. ನನಗೆ ಮೀನು ಬೇರೆ ಬಂದ್ ಮಾಡಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ಅಂಕೋಲಾ

ಉತ್ತರ: ಉತ್ತರವನ್ನು ನೀವೇ ಬರೆದು ಕಳಿಸಿದ್ದೀರಿ. 60 ದಿನಕ್ಕೆ ಒಂದೂವರೆ ಕೆಜಿ. ಅಂದರೆ ದಿನಕ್ಕೆ 25 ಗ್ರಾಂ. ಅದೂ ಹುಟ್ಟಿದ ಮೊದಲ ವಾರ ಹೆಚ್ಚಿನ ಮಕ್ಕಳು ಒಂದಿಷ್ಟು ಇಳಿದೇ ಏರುವುದು, ಅದನ್ನೂ ಸೇರಿಸಿ ಇಷ್ಟು. ಹಾಲು ಸಾಲದ ಮಗು ಹೀಗೆ ಬೆಳೆಯುವುದಿಲ್ಲ. ಈ ತೂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿ ಅಜ್ಜಿಗೆ ತೋರಿಸಿ. ಅವರಿಗೆ ಅಂಕಿಯ ಮೇಲೆ ನಂಬಿಕೆ ಇಲ್ಲದಿದ್ದರೆ ಹಗ್ಗದ ಮೇಲೆ ಒಣಗುವ ಲಂಗೋಟಿ ಎಣಿಸಲು ಹೇಳಿ. ದಿನಕ್ಕೆ ಆರಕ್ಕಿಂತ ಜಾಸ್ತಿ ಒದ್ದೆಯಾಗಿ, ಉಚ್ಚೆ ತಿಳಿಯಾಗಿದ್ದರೆ ಹಾಲು ಸಾಕಾಗುತ್ತಿದೆ.

ಇನ್ನು ನೀರು ನೀರಾದ ಹಾಲು. ಮಗು ಬಾಯಿ ಹಾಕಿದಾಗ ಮೊದಲು ಬರುವುದು ತೆಳ್ಳಗೇ ಇರುತ್ತದೆ, ಒಂಚೂರು ನೀಲಿ ಛಾಯೆ ಕೂಡ ಕಾಣಬಹುದು. ಚೀಪುತ್ತಾ ಹೋದಂತೆ ಜಿಡ್ಡು ಜಾಸ್ತಿಯಾಗುತ್ತದೆ. ಅದಕ್ಕೇ ಐದು ನಿಮಿಷಕ್ಕೆ ಬದಿ ಬದಲಿಸಬೇಡಿ, ಒಂದು ಬದಿ ಮಗುವೇ ಬಿಡುವವರೆಗೂ ಕುಡಿಯಲಿ. ತಾಯಿ ಹಾಲಿನಲ್ಲಿ ಸುಮಾರು ಶೇ. 87ರಷ್ಟು ನೀರೇ ಇರುವುದು. ಸೆಕೆ ಜಾಸ್ತಿ ಇದ್ದ ದಿನ ಮಗು ಇನ್ನೆರಡು ಸಲ ಹೆಚ್ಚು ಕುಡಿಯುತ್ತದೆ, ಅಷ್ಟೇ. ಆರು ತಿಂಗಳು ತುಂಬುವವರೆಗೆ ಬೇರೆ ನೀರು ಬೇಡ. ಬಾಯಾರಿಕೆ ನಿಮಗೆ ಆಗುತ್ತದೆ, ನೀರು ನೀವು ಕುಡಿಯಿರಿ.

ಆ ಎರಡು ಚಮಚದಿಂದ ಏನಾಗುತ್ತದೆ ಅಂತ ಆಯಿ ಕೇಳಬಹುದು. ಮಗುವಿನ ಹೊಟ್ಟೆ ಸಣ್ಣದು. ನೀರು ತುಂಬಿದಷ್ಟು ಹಾಲು ಕಡಿಮೆ ಕುಡಿಯುತ್ತದೆ, ಕುಡಿಯದೆ ಉಳಿದಷ್ಟು ಮುಂದೆ ಹಾಲು ಕಡಿಮೆ ತಯಾರಾಗುತ್ತದೆ. ಬಾವಿಯ ಒರತೆ ಇದ್ದಂತೆ ಇದು, ಸೇದಿದಷ್ಟೂ ಬರುತ್ತದೆ. ಸಾಲುತ್ತಿಲ್ಲ ಅಂತ ಬಾಟ್ಲಿ ಹಿಡಿದ ಎಷ್ಟೋ ಮನೆಗಳಲ್ಲಿ ಹದಿನೈದು ದಿನಕ್ಕೆ ನಿಜವಾಗಿಯೂ ಸಾಲದಾಗುವುದು ಹೀಗೇ. ಆಕಳ ಹಾಲಿನ ಕಥೆ ಇನ್ನೂ ಬೇರೆ. ಅದರಲ್ಲಿ ಪ್ರೋಟೀನು ತಾಯಿ ಹಾಲಿನ ಮೂರು ಪಟ್ಟು, ಉಪ್ಪಿನಂಶವೂ ಜಾಸ್ತಿ, ಎರಡು ತಿಂಗಳ ಕಿಡ್ನಿಗೆ ಅದು ಭಾರ. ನೀರು ಬೆರೆಸಿದರೆ ಶಕ್ತಿಯೂ ಹೋಯಿತು. ಮೇಲಾಗಿ ನಿಮ್ಮ ಹಾಲಿನಲ್ಲಿ ರೋಗ ತಡೆಯುವ ಪ್ರತಿಕಾಯಗಳಿವೆ. ಮಗುವಿಗೆ ಜೀರ್ಣವೇ ಆಗದ ನೂರಕ್ಕೂ ಹೆಚ್ಚು ಬಗೆಯ ಸಕ್ಕರೆಗಳಿವೆ. ಜೀರ್ಣವಾಗದ್ದು ಯಾಕೆ ಅಂದ್ರೆ, ಅವು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳ ಊಟ. ಬರೀ ತಾಯಿ ಹಾಲು ಕುಡಿಯುವ ಮಕ್ಕಳಿಗೆ ವಾಂತಿಭೇದಿ, ನ್ಯುಮೋನಿಯಾ, ಕಿವಿ ಸೋರುವುದು ಕಡಿಮೆ ಇರುವುದು ಇದರಿಂದಲೇ. ಮನೆಯ ಎಮ್ಮೆ ಕರು ಹಾಕಿದರೆ ಗಿಣ್ಣಕ್ಕೆ ಪಾತ್ರೆ ಹಿಡಿದು ಕಾಯುವ ನಾವೇ, ಹೆತ್ತವಳ ಮೊದಲ ಹಳದಿ ಹಾಲನ್ನು ಮಾತ್ರ ಕೆಟ್ಟದ್ದು ಅಂತ ಹಿಂಡಿ ಚೆಲ್ಲುತ್ತೇವೆ, ನನಗೆ ಇದು ಇವತ್ತಿಗೂ ಅರ್ಥವಾಗಿಲ್ಲ.

ಸಂಜೆಯ ಅಳು ಹಸಿವಿನದೇ ಆಗಬೇಕಿಲ್ಲ. ಈ ವಯಸ್ಸಿನ ಬಹಳ ಮಕ್ಕಳು ಹಾಗೇ, ಮೂರು ನಾಲ್ಕು ತಿಂಗಳಿಗೆ ತಾನೇ ಕಡಿಮೆಯಾಗುತ್ತದೆ. ಎದೆಗೆ ಹಾಕಿ, ಎತ್ತಿಕೊಂಡು ಅಂಗಳದಲ್ಲಿ ತಿರುಗಾಡಿ. ಬಜೆ ತೇಯ್ದು ನೆಕ್ಕಿಸುವುದು ಬೇಡ. ಜೇನಂತೂ ಒಂದು ವರ್ಷದವರೆಗೆ ಬೇಡವೇ ಬೇಡ, ಅದರಿಂದ ಬೊಟುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು. ಒಂದು ಕೊರತೆ ಮಾತ್ರ ನಿಜ. ತಾಯಿ ಹಾಲಿನಲ್ಲಿ ವಿಟಮಿನ್ ಡಿ ಸಾಲದು, ದಿನಕ್ಕೆ 400 ಯೂನಿಟ್ ಹನಿ ಹಾಕಬೇಕು. ಮಕ್ಕಳ ಡಾಕ್ಟರು ಬರೆದುಕೊಡುತ್ತಾರೆ.

ಮೀನು ತಿನ್ನಿ! ತಾರ್ಲೆ, ಬಂಗಡೆಯಲ್ಲಿ ಮಗುವಿನ ಮಿದುಳು, ಕಣ್ಣಿಗೆ ಬೇಕಾದ ಒಮೆಗಾ 3 ಕೊಬ್ಬು ಇದೆ, ನೀವು ತಿಂದರೆ ಅದು ಹಾಲಿಗೂ ಬರುತ್ತದೆ. ಅಂಟಿನುಂಡೆ, ಮೆಂತೆ ಎಲ್ಲ ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕಡಲ ಪಕ್ಕ ಕೂತು ಬಾಣಂತಿಗೆ ಬರೀ ಕಾಳುಮೆಣಸಿನ ಸಾರು ಅನ್ನ ಹಾಕುವುದು ಅನ್ಯಾಯ ಅಲ್ವಾ?

ಪ್ರಶ್ನೆ: ಹೆಂಡತಿಗೆ ಎರಡು ದಿನದಿಂದ ಜ್ವರ, ಕೆಮ್ಮು. ನಾಲ್ಕು ತಿಂಗಳ ಮಗುವಿಗೂ ಬಂದೀತು ಎಂದು ಹಾಲು ಕೊಡುವುದನ್ನು ನಿಲ್ಲಿಸಿದ್ದೇವೆ. ಸರಿಯೇ?
– ಓದುಗ, ಶಿರಸಿ

ಉತ್ತರ: ಇಲ್ಲ, ಇವತ್ತೇ ಶುರು ಮಾಡಿಸಿ. ಜ್ವರ ಕಾಣಿಸುವ ಮೊದಲೇ ಮಗು ಅವರ ಮಗ್ಗುಲಲ್ಲಿ ಮಲಗಿತ್ತು. ಈಗ ಅವರ ಮೈ ಆ ರೋಗಕ್ಕೆ ತಯಾರಿಸುವ ಪ್ರತಿಕಾಯ ಹಾಲಿನಲ್ಲೇ ಬರುತ್ತದೆ, ಸುಮ್ನೆ ಅದನ್ನು ಯಾಕೆ ತಪ್ಪಿಸುತ್ತೀರಿ? ಕೈ ತೊಳೆದು, ಮಾಸ್ಕ್ ಹಾಕಿ ಕುಡಿಸಲಿ. ಪ್ಯಾರಾಸಿಟಮಾಲ್ ತೆಗೆದುಕೊಂಡರೂ ತೊಂದರೆ ಇಲ್ಲ. ಆದರೆ ನಿಮ್ಮದು ಮಂಗನ ಕಾಯಿಲೆಯ ಸೀಮೆ. ಕಾಡು, ಬೆಟ್ಟಕ್ಕೆ ಹೋಗಿ ಬಂದಿದ್ದರೆ ಅಥವಾ ಜ್ವರ ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಮುಂದಿನ ತಿಂಗಳು ಕೆಲಸಕ್ಕೆ ಹೋಗಬೇಕು. ಹಾಲು ಹಿಂಡಿ ಇಟ್ಟು ಹೋಗಬಹುದೇ?
– ಓದುಗಳು, ಕುಮಟಾ

ಉತ್ತರ: ಧಾರಾಳವಾಗಿ. ಕೈ ತೊಳೆದು, ಕುದಿಸಿ ಒಣಗಿಸಿದ ಸ್ಟೀಲ್ ಡಬ್ಬಿಗೆ ಹಿಂಡಿ. ಹೊರಗಿಟ್ಟರೆ ನಾಲ್ಕು ತಾಸು ಅನ್ನುತ್ತಾರೆ, ನಮ್ಮ ಏಪ್ರಿಲ್ ಸೆಕೆಗೆ ಅಷ್ಟೂ ಹೊತ್ತು ಇಡಬೇಡಿ. ಫ್ರಿಜ್ಜಿನಲ್ಲಿ ಒಂದು ದಿನ ಇರುತ್ತದೆ, ಬಾಗಿಲಿನ ಕಡೆ ಬೇಡ, ಒಳಗೆ ಹಿಂದಕ್ಕೆ ಇಡಿ. ಕಾಯಿಸುವ ಹಾಗಿಲ್ಲ, ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟರೆ ಸಾಕು. ಮೇಲೆ ಕೆನೆ ಬೇರೆಯಾಗಿ ನಿಂತಿದ್ದರೆ ಹಾಲು ಒಡೆದಿದೆ ಅಂತ ಚೆಲ್ಲಬೇಡಿ, ಮೆಲ್ಲಗೆ ಅಲ್ಲಾಡಿಸಿ. ಬಾಟ್ಲಿಗಿಂತ ಮಗುವಿಗೆ ಹಾಲು ಕುಡಿಸುವ ಮೂತಿಯ ಪುಟ್ಟ ಪಾತ್ರೆ, ನಮ್ಮ ಹಳೆಯ ಒಳಲೆಯೇ ವಾಸಿ, ತೊಳೆಯುವುದು ಸುಲಭ. ಅಟ್ಟದ ಮೇಲೆ ಹುಡುಕಿ, ಸಿಗುತ್ತದೆ.